ನಡೆದರೆ ಕಾಲು ಭಾರ, ಕೂತರೆ ಹಗುರ: ಸ್ಪೈನಲ್ ಸ್ಟೆನೋಸಿಸ್ ಬಗ್ಗೆ ಗೊತ್ತಿದ್ದವರು ಹೇಳಿ

ಡೊಂಬಿವಲಿ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 68 ವರ್ಷ. ಫೋರ್ಟ್ ಕಡೆ ಬ್ಯಾಂಕ್ ಕೆಲಸ ಮಾಡಿ ನಿವೃತ್ತರಾದವರು. ಇಷ್ಟು ವರ್ಷ ಲೋಕಲ್‌ನಲ್ಲಿ ನಿಂತೇ ಓಡಾಡಿದ ಮನುಷ್ಯ. ಈಗ ಸ್ಟೇಷನ್‌ನಿಂದ ಮನೆಗೆ ಒಂದೇ ಸಲಕ್ಕೆ ನಡೆದು ಬರಲು ಆಗುತ್ತಿಲ್ಲ. ಅರ್ಧ ದಾರಿಗೆ ತೊಡೆ, ಮೀನಖಂಡ ಭಾರ ಆಗುತ್ತದೆ, ಪಾದ ಜೋಮು ಹಿಡಿಯುತ್ತದೆ. ಯಾವುದಾದರೂ ಅಂಗಡಿ ಕಟ್ಟೆ ಮೇಲೆ ಸ್ವಲ್ಪ ಹೊತ್ತು ಕೂತರೆ ಪೂರ್ತಿ ಸರಿ. ಎದ್ದು ಮತ್ತೆ ಅಷ್ಟೇ ದೂರ ನಡೆದರೆ ಅದೇ ಕತೆ.

ಎಂಆರ್‌ಐ ಮಾಡಿಸಿದೆವು. ಎಲ್4-ಎಲ್5 ಹತ್ತಿರ ಸ್ಟೆನೋಸಿಸ್, ಅದೂ ಸಿವಿಯರ್ ಅಂತ ಬಂದಿದೆ. ಒಬ್ಬ ಡಾಕ್ಟರು ಆಪರೇಷನ್ ಬೇಗ ಮಾಡಿಸಿ ಅಂದರು. ಇನ್ನೊಬ್ಬರು ವ್ಯಾಯಾಮ ಮಾಡಿ, ನೋಡೋಣ ಅಂದರು. ಇಬ್ಬರೂ ಮರಾಠಿ, ಇಂಗ್ಲಿಷ್ ಬೆರೆಸಿ ಬೇಗ ಬೇಗ ಹೇಳಿದರು. ಅಪ್ಪನಿಗೆ ಅರ್ಧ ಅರ್ಥವಾಗಲಿಲ್ಲ, ನನಗೂ ಅಷ್ಟೇ. ಅಪ್ಪನಿಗೆ ಸೊಂಟ ಅಷ್ಟೇನೂ ನೋಯುವುದಿಲ್ಲ. ತೊಂದರೆ ಸೊಂಟದಲ್ಲಿದ್ದರೆ ನೋವು ಕಾಲಿಗೆ ಯಾಕೆ? ಕನ್ನಡದಲ್ಲಿ ಬಿಡಿಸಿ ಹೇಳುವವರು ಇದ್ದರೆ ದಯವಿಟ್ಟು ಹೇಳಿ.

ಕೋಥ್ರೂಡ್ ಫಿಸಿಯೋ

ನಮಸ್ಕಾರ ಅಕ್ಕ. ನಾನು ಪುಣೆಯಲ್ಲಿ ಫಿಸಿಯೋಥೆರಪಿಸ್ಟ್, ಊರು ಧಾರವಾಡ. ಅಪ್ಪನನ್ನು ಪರೀಕ್ಷೆ ಮಾಡದೆ ನಾನು ಸಲಹೆ ಕೊಡುವುದು ತಪ್ಪಾಗುತ್ತದೆ. ಆದರೆ ಒಳಗೆ ಏನಾಗುತ್ತಿದೆ ಅಂತ ಹೇಳಬಲ್ಲೆ. ಸ್ಪೈನಲ್ ಸ್ಟೆನೋಸಿಸ್ ಅಂದರೆ ಬೆನ್ನುಮೂಳೆಯೊಳಗೆ ನರಗಳ ದಾರಿ ಇಕ್ಕಟ್ಟಾಗುವುದು. ಎಲ್4-ಎಲ್5 ಅಂದರೆ ಸೊಂಟದ ನಾಲ್ಕನೇ, ಐದನೇ ಮಣಿಗಳ ಜಾಗ, ಸಿವಿಯರ್ ಅಂದರೆ ತೀವ್ರ.

ಬೆನ್ನುಮೂಳೆಯಲ್ಲಿ ಕುತ್ತಿಗೆಗೆ 7, ಎದೆಯ ಹಿಂದೆ 12, ಸೊಂಟಕ್ಕೆ 5 ಮಣಿಗಳಿವೆ. ಒಂದೊಂದು ಮಣಿಯಲ್ಲೂ ಒಂದು ತೂತು. ಒಂದರ ಮೇಲೊಂದು ಕೂತಾಗ ಆ ತೂತುಗಳೆಲ್ಲ ಸೇರಿ ಉದ್ದದ ಒಂದು ಕಾಲುವೆ ಆಗುತ್ತದೆ. ಬೆನ್ನುಹುರಿ ಅದರೊಳಗೆ ಇಳಿದು ಬಂದು ಸೊಂಟದ ಮೊದಲನೇ ಅಥವಾ ಎರಡನೇ ಮಣಿಯ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇರುವುದು ನರಗಳ ಗೊಂಚಲು. ಕಾಲು, ಪಾದ, ಮೂತ್ರಕೋಶ, ಮಲದ್ವಾರ, ಇವಕ್ಕೆಲ್ಲ ಹೋಗುವ ನರಗಳು ಅವೇ. ಅಪ್ಪನಿಗೆ ಇಕ್ಕಟ್ಟಾಗಿರುವುದು ಇದೇ ಜಾಗ. ಒತ್ತಡ ಬೀಳುವುದು ಸೊಂಟದಲ್ಲಿ, ಆದರೆ ಆ ನರ ಎಲ್ಲಿಗೆ ಹೋಗುತ್ತದೋ ಅಲ್ಲಿ ಜೋಮು, ಅಲ್ಲಿ ನೋವು.

ಇಕ್ಕಟ್ಟು ಒಂದೇ ದಿನಕ್ಕೆ ಆಗುವುದಿಲ್ಲ. ವಯಸ್ಸಾದಂತೆ ಡಿಸ್ಕ್, ಅಂದರೆ ಎರಡು ಮಣಿಗಳ ನಡುವಿನ ಮೆತ್ತೆ, ಒಣಗಿ ತಗ್ಗುತ್ತದೆ, ಹಿಂದಕ್ಕೆ ಉಬ್ಬುತ್ತದೆ. ಭಾರವೆಲ್ಲ ಹಿಂದಿನ ಸಣ್ಣ ಕೀಲುಗಳ ಮೇಲೆ ಬಿದ್ದು ಅವು ದಪ್ಪ ಆಗುತ್ತವೆ. ಕಾಲುವೆಯ ಹಿಂಬದಿಯಲ್ಲಿ ಹಳದಿ ಬಣ್ಣದ ಒಂದು ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಇದೆ, ಅದೂ ದಪ್ಪಗಾಗುತ್ತದೆ. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಜಾಗ ಕಡಿಮೆಯಾಗುತ್ತಾ ಹೋಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಕಾಲುವೆ ಸಣ್ಣದು, ಅವರಿಗೆ ನಲವತ್ತು ದಾಟುತ್ತಲೇ ಶುರುವಾಗಬಹುದು. ಇದನ್ನು ಮೊದಲು ಸರಿಯಾಗಿ ವಿವರಿಸಿದವರಲ್ಲಿ ನೆದರ್ಲೆಂಡ್ಸ್‌ನ ಸರ್ಜನ್ ಹೆಂಕ್ ವೆರ್ಬೀಸ್ಟ್ ಮುಖ್ಯರು. 1954ರಲ್ಲಿ ಬರೆದರು. ಕಾಲುವೆಯ ಅಳತೆ ಮುಂದಿನಿಂದ ಹಿಂದಕ್ಕೆ 10 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ತೀರಾ ಇಕ್ಕಟ್ಟು ಅನ್ನುವ ಲೆಕ್ಕವೂ ಅವರದೇ. ಸಾಮಾನ್ಯವಾಗಿ ಅದು 15 ಮಿಲಿಮೀಟರ್‌ಗಿಂತ ಜಾಸ್ತಿ ಇರುತ್ತದೆ.

ಕೂತರೆ ಯಾಕೆ ಹಗುರ ಅಂತ ಕೇಳುತ್ತೀರಿ ಅಲ್ವಾ? ಮೊಣಕೈ ಮಡಚಿದಾಗ ತೋಳಿನ ಬಟ್ಟೆ ಒಳಗಡೆ ನೆರಿಗೆ ಬೀಳುತ್ತದೆ. ನೆಟ್ಟಗೆ ನಿಂತಾಗ, ಹಿಂದಕ್ಕೆ ಬಾಗಿದಾಗ ಆ ಹಳದಿ ಲಿಗಮೆಂಟ್ ಹಾಗೇ ನೆರಿಗೆ ಬಿದ್ದು ಕಾಲುವೆಯೊಳಕ್ಕೆ ನುಗ್ಗುತ್ತದೆ. ಮುಂದಕ್ಕೆ ಬಾಗಿದರೆ, ಕೂತರೆ, ಅದು ಎಳೆದುಕೊಂಡು ಜಾಗ ಬಿಡುತ್ತದೆ. ನಡೆಯುವಾಗ ನರಗಳಿಗೆ ರಕ್ತವೂ ಜಾಸ್ತಿ ಬೇಕು. ಇಕ್ಕಟ್ಟಿನಲ್ಲಿ ಅದು ಸಿಗುವುದಿಲ್ಲ. ಅದಕ್ಕೇ ಮನೆಯಿಂದ ಹೊರಟಾಗ ಚೆನ್ನಾಗಿದ್ದು, ಒಂದಿಷ್ಟು ದೂರ ಹೋದ ಮೇಲೆ ಭಾರ ಶುರುವಾಗುತ್ತದೆ.

ಮಾಟುಂಗಾ ಅಜ್ಜ

ಮಗಳೇ, ನಿನ್ನ ಅಪ್ಪನದು ನನ್ನದೇ ಕಾಯಿಲೆ. ನನಗೆ 74. ಫಿಸಿಯೋ ಮೇಡಂ ಹೇಳಿದ್ದಕ್ಕೆ ನನ್ನ ಅನುಭವ ಸೇರಿಸುತ್ತೇನೆ.

ನಡೆಯುವುದಕ್ಕಿಂತ ನಿಲ್ಲುವುದು ಕಷ್ಟ. ಇದು ಮನೆಯವರಿಗೆ ಬೇಗ ಅರ್ಥವಾಗುವುದಿಲ್ಲ. ನಿಂತುಕೊಂಡಿರಿ, ಈಗ ಬಂದೆ ಅಂತ ಹೇಳಿ ಅಂಗಡಿ ಒಳಗೆ ಹೋಗುತ್ತಾರೆ. ಆ ಹೊತ್ತಿನಲ್ಲಿ ಎರಡೂ ತೊಡೆ ಮರದ ಕೊರಡಾಗಿರುತ್ತದೆ. ರೇಷನ್ ಕ್ಯೂ, ದೇವಸ್ಥಾನದ ಕ್ಯೂ, ಮದುವೆ ಮನೆಯಲ್ಲಿ ನಿಂತು ಊಟ, ಎಲ್ಲದಕ್ಕೂ ಹಿಂಜರಿಕೆ. ಸೇತುವೆ ಹತ್ತುವಾಗ ನಾವು ತಾನಾಗಿಯೇ ಮುಂದಕ್ಕೆ ಬಾಗುತ್ತೇವೆ, ಅಷ್ಟು ತೊಂದರೆ ಆಗುವುದಿಲ್ಲ. ಇಳಿಯುವಾಗ ಬೆನ್ನು ಹಿಂದಕ್ಕೆ ಹೋಗುತ್ತದೆ, ಆಗ ಹಿಡಿಯುತ್ತದೆ. ದಾದರ್ ಸೇತುವೆ ಇಳಿಯುವುದೆಂದರೆ ನನಗೆ ಈಗಲೂ ಭಯ. ಕಂಬಿ ಹಿಡಿದು ಪಕ್ಕದಲ್ಲೇ ಇಳಿಯುತ್ತೇನೆ, ಹಿಂದಿನವರು ಗೊಣಗಿದರೆ ಗೊಣಗಲಿ.

ಸೂಪರ್ ಮಾರ್ಕೆಟ್ಟಿನಲ್ಲಿ ಮಾತ್ರ ನಾನು ಎಷ್ಟು ಹೊತ್ತಾದರೂ ತಿರುಗಬಲ್ಲೆ. ತಳ್ಳುಗಾಡಿಯ ಮೇಲೆ ಮೊಣಕೈ ಊರಿ ಬಾಗಿ ನಡೆಯುತ್ತೇನಲ್ಲ, ಅದಕ್ಕೆ. ಡಾಕ್ಟರು ನನ್ನನ್ನು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು. ಸೈಕಲ್ ತುಳಿದರೂ ನೋವಿಲ್ಲ. ಅಪ್ಪನಿಗೆ ಹೀಗೆ ಆಗುತ್ತದೆಯೇ ಕೇಳಿ ನೋಡು.

ಇನ್ನೊಂದು ಮಾತು. ನೋವಿಗಿಂತ ನನ್ನನ್ನು ಜಾಸ್ತಿ ಕುಗ್ಗಿಸಿದ್ದು ಮನೆಯಲ್ಲೇ ಕೂರುವುದು. ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ಇದ್ದರೆ ಮೊದಲು ತಪ್ಪಿಸುತ್ತಿರಲಿಲ್ಲ. ಮನೆಯಿಂದ ಹೆಚ್ಚು ದೂರವೂ ಇಲ್ಲ. ದಾರಿಯಲ್ಲಿ ನಿಲ್ಲಬೇಕಾಗುತ್ತದೆ, ಯಾರಾದರೂ ನೋಡಿ ಏನಾಯಿತು ಅನ್ನುತ್ತಾರೆ ಅಂತ ಹೋಗುವುದನ್ನೇ ಬಿಟ್ಟೆ. ತೂಕ ಏರಿತು, ಶುಗರ್ ಏರಿತು, ತೊಡೆಯ ಮಾಂಸ ಇಳಿಯಿತು. ಮನಸ್ಸೂ ಮಂಕಾಯಿತು. ಅಪ್ಪ ಯಾವ ಯಾವ ಜಾಗಕ್ಕೆ ಹೋಗುವುದನ್ನು ಸದ್ದಿಲ್ಲದೆ ಬಿಟ್ಟಿದ್ದಾರೆ ಅಂತ ಗಮನಿಸು. ಬಾಯಿ ಬಿಟ್ಟು ಹೇಳುವುದಿಲ್ಲ ನಮ್ಮ ಕಾಲದ ಗಂಡಸರು.

ಡೊಂಬಿವಲಿ ಮಗಳು

ಅಜ್ಜ, ಓದಿ ಕಣ್ಣು ತುಂಬಿತು. ಅಪ್ಪ ಸಂಜೆ ಗೆಳೆಯರ ಜೊತೆ ಗಾರ್ಡನ್‌ಗೆ ಹೋಗುವುದು ಬಿಟ್ಟು ತುಂಬಾ ದಿನ ಆಯ್ತು. ಬಿಸಿಲು, ಮಳೆ, ಜನ ಅಂತ ಏನೋ ಒಂದು ನೆಪ ಹೇಳುತ್ತಿದ್ದರು. ತಳ್ಳುಗಾಡಿ ವಿಷಯ ಕೇಳಿದೆ. ಹೌದು ಹೌದು, ಅದು ಹಿಡಿದರೆ ಆರಾಮ ಅಂದರು.

ಮುಲುಂಡ್‌ನವನು

ಒಂದು ಅನುಮಾನ. ನಮ್ಮ ಮಾವನಿಗೂ ನಡೆದರೆ ಮೀನಖಂಡ ಹಿಡಿಯುತ್ತಿತ್ತು, ನಿಂತರೆ ಸರಿ ಹೋಗುತ್ತಿತ್ತು. ಎಲ್ಲರೂ ಬೆನ್ನು ಅಂದರು. ಆಮೇಲೆ ನೋಡಿದರೆ ಕಾಲಿನ ರಕ್ತನಾಳ ಕಟ್ಟಿಕೊಂಡಿತ್ತು. ಬೀಡಿ ಸೇದುವವರು, ಶುಗರ್ ಕೂಡ ಇತ್ತು. ಇವೆರಡನ್ನು ಬೇರೆ ಮಾಡುವುದು ಹೇಗೆ?

ಕೋಥ್ರೂಡ್ ಫಿಸಿಯೋ

ಅಣ್ಣ, ಬಹಳ ಮುಖ್ಯವಾದ ಪ್ರಶ್ನೆ. ವ್ಯತ್ಯಾಸ ನಿಮ್ಮ ಮಾತಲ್ಲೇ ಇದೆ. ರಕ್ತನಾಳದ ತೊಂದರೆ ಇದ್ದವರು ನಡೆಯುವುದು ನಿಲ್ಲಿಸಿ ನೆಟ್ಟಗೆ ನಿಂತರೂ ನೋವು ಇಳಿಯುತ್ತದೆ, ಸ್ನಾಯುವಿಗೆ ವಿಶ್ರಾಂತಿ ಸಿಕ್ಕರೆ ಸಾಕು. ಸ್ಟೆನೋಸಿಸ್ ಇದ್ದವರಿಗೆ ನಿಂತರೆ ಸಾಲದು, ಕೂರಬೇಕು ಇಲ್ಲವೇ ಬಾಗಬೇಕು. ರಕ್ತನಾಳದ್ದಾದರೆ ಸೈಕಲ್ ತುಳಿದಾಗಲೂ ನೋವು ಬರುತ್ತದೆ, ಹತ್ತುವಾಗ ಜಾಸ್ತಿ ಆಗುತ್ತದೆ. ಪಾದದ ನಾಡಿ ಸಿಗುವುದು ಕಷ್ಟ, ಪಾದ ತಣ್ಣಗಿರಬಹುದು, ಕಾಲಿನ ರೋಮ ಉದುರಿರಬಹುದು. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಅದಕ್ಕೇ 60 ದಾಟಿ ಶುಗರ್, ಬಿಪಿ, ಸಿಗರೇಟು ಇದ್ದವರಿಗೆ ಬೆನ್ನಿನ ಎಂಆರ್‌ಐ ಜೊತೆ ಪಾದದ ನಾಡಿಯನ್ನೂ ನೋಡಿಸಿಕೊಳ್ಳಬೇಕು. ಮಂಡಿ, ತೊಡೆಸಂದಿ ಸವೆದಿದ್ದರೂ ಹೀಗೇ ಅನ್ನಿಸಬಹುದು. ಶುಗರ್‌ನಿಂದ ನರ ಹಾಳಾಗಿದ್ದರೆ ಪಾದ ಉರಿ ರಾತ್ರಿ ಮಲಗಿದಾಗಲೂ ಇರುತ್ತದೆ.

ಡೊಂಬಿವಲಿ ಮಗಳು

ಅಪ್ಪನಿಗೆ ಶುಗರ್ ಇಲ್ಲ. ಆದರೆ ರಿಪೋರ್ಟ್‌ನಲ್ಲಿ ಆ ಸಿವಿಯರ್ ಅನ್ನುವ ಪದ ಓದಿದಾಗಿನಿಂದ ಅಮ್ಮ ನಿದ್ದೆ ಮಾಡಿಲ್ಲ. ಆಪರೇಷನ್ ಮಾಡಿಸದಿದ್ದರೆ ಕಾಲು ಬಿದ್ದೇ ಹೋಗುತ್ತದೆ ಅಂತ ಯಾರೋ ಹೇಳಿದ್ದಾರೆ.

ಕೋಥ್ರೂಡ್ ಫಿಸಿಯೋ

ಅಮ್ಮನಿಗೆ ಹೇಳಿ, ಸೊಂಟದ ಸ್ಟೆನೋಸಿಸ್‌ನಲ್ಲಿ ಕಾಲು ದಿಢೀರ್ ಅಂತ ಬೀಳುವುದು ಅಪರೂಪ. ಬಹಳ ಜನರಿಗೆ ವರ್ಷಗಟ್ಟಲೆ ಇದ್ದ ಹಾಗೇ ಇರುತ್ತದೆ. ಕೆಲವರಿಗೆ ಸುಧಾರಿಸುತ್ತದೆ, ಕೆಲವರಿಗೆ ನಿಧಾನವಾಗಿ ಜಾಸ್ತಿ ಆಗುತ್ತದೆ.

ಎಂಆರ್‌ಐ ಚಿತ್ರ ಮತ್ತು ಮನುಷ್ಯನ ತೊಂದರೆ ಯಾವಾಗಲೂ ತಾಳೆ ಆಗುವುದಿಲ್ಲ. 1990ರಲ್ಲಿ ಅಮೆರಿಕದಲ್ಲಿ ಬೆನ್ನಿನ ತೊಂದರೆಯೇ ಇಲ್ಲದ 67 ಜನರಿಗೆ ಎಂಆರ್‌ಐ ಮಾಡಿ ನೋಡಿದ್ದರು. 60 ದಾಟಿದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಚಿತ್ರದಲ್ಲಿ ಸ್ಟೆನೋಸಿಸ್ ಕಂಡಿತು. ಆದರೆ ಅವರಿಗೆ ಯಾವ ನೋವೂ ಇರಲಿಲ್ಲ. ಹಾಗಾಗಿ ರಿಪೋರ್ಟ್ ಒಂದನ್ನೇ ಹಿಡಿದು ಆಪರೇಷನ್ ತೀರ್ಮಾನ ಮಾಡುವುದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಪ್ಪ ಎಷ್ಟು ದೂರ ನಡೆಯುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ, ಕಾಲಿನ ಹೆಬ್ಬೆರಳು ಮೇಲೆತ್ತುವ ಶಕ್ತಿ ಇದೆಯಾ, ಹಿಮ್ಮಡಿ ಮೇಲೆ ನಡೆಯಲು ಬರುತ್ತದಾ, ಇವು ಚಿತ್ರದಷ್ಟೇ ಮುಖ್ಯ.

ಆದರೆ ಇದೊಂದನ್ನು ಮನೆಯ ಎಲ್ಲರೂ ತಿಳಿದಿರಬೇಕು. ಮೂತ್ರ ಕಟ್ಟಿಕೊಂಡರೆ, ಅಥವಾ ಗೊತ್ತಾಗದೆ ಹೋಗಿಬಿಟ್ಟರೆ, ಮಲದ ಹಿಡಿತ ತಪ್ಪಿದರೆ, ತೊಡೆಯ ಸಂದಿ ಮತ್ತು ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯದಿದ್ದರೆ, ಎರಡೂ ಕಾಲಿನ ಬಲ ಬೇಗ ಬೇಗ ಇಳಿಯುತ್ತಿದ್ದರೆ, ಅಪಾಯಿಂಟ್‌ಮೆಂಟ್ ಕಾಯಬಾರದು. ಅದೇ ಹೊತ್ತಿಗೆ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋಗಬೇಕು. ರಾತ್ರಿ ಆದರೂ ಸರಿ. ತಡವಾದರೆ ಮೂತ್ರದ ಹಿಡಿತ ವಾಪಸ್ ಬರದೇ ಹೋಗಬಹುದು.

ವಾಸ್ಕೋ ಗದಗದವ

ನಮಸ್ಕಾರ್ರಿ ಎಲ್ಲಾರಿಗೂ. ನಾನು ವಾಸ್ಕೋದಾಗ ಬಂದರಿನ ಕೆಲಸಕ್ಕೆ ಇರುವವ. ಊರು ಗದಗ ಜಿಲ್ಲೆ ಮುಂಡರಗಿ ಕಡೆ. ಅಪ್ಪಾಜಿಗೆ 61. ಹೊಲದ ಕೆಲಸ ಆಗುವುದಿಲ್ಲ ಅಂತ ಇಲ್ಲಿಗೆ ಕರೆದುಕೊಂಡು ಬಂದೀನಿ. ಅವರದು ಸ್ವಲ್ಪ ಬೇರೆ ಐತಿ. ಕೂತರೂ ಸರಿ ಹೋಗುವುದಿಲ್ಲ. ಅಂಗಿ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ರೊಟ್ಟಿ ಮುರಿಯುವಾಗ ಬೆರಳು ಮಾತು ಕೇಳುವುದಿಲ್ಲ ಅಂತಾರ. ನಡೆಯುವಾಗ ತೂರಾಡುತ್ತಾರೆ, ಜನ ಕುಡಿದಾರ ಅಂದುಕೊಳ್ಳುತ್ತಾರೆ. ಅವರು ಜನ್ಮದಾಗ ಕುಡಿದವರಲ್ಲ. ಕಾಲಿಂದ ಚಪ್ಪಲಿ ಜಾರಿ ಹೋದರೂ ಗೊತ್ತಾಗುವುದಿಲ್ಲ. ಕುತ್ತಿಗೆ ಬಗ್ಗಿಸಿದರೆ ಬೆನ್ನೊಳಗ ಕರೆಂಟ್ ಹೊಡೆದಂಗ ಆಗತೈತಿ ಅಂತಾರ. ಊರಾಗ ಒಬ್ಬರು ತಿಕ್ಕಿ, ಕುತ್ತಿಗೆ ಲಟಕ್ ಅನ್ನಿಸಿ ಸರಿ ಮಾಡ್ತಾರಂತ, ಕರೆದುಕೊಂಡು ಹೋಗಲೇ?

ಕೋಥ್ರೂಡ್ ಫಿಸಿಯೋ

ಅಣ್ಣಾ, ದಯವಿಟ್ಟು ಬೇಡ. ಕುತ್ತಿಗೆ ತಿರುಗಿಸಲು, ಲಟಕ್ ಅನ್ನಿಸಲು ಯಾರಿಗೂ ಬಿಡಬೇಡಿ. ನೀವು ಹೇಳಿದ ಲಕ್ಷಣಗಳು ಕುತ್ತಿಗೆಯಲ್ಲಿ ಬೆನ್ನುಹುರಿಯೇ ಅದುಮಿಕೊಂಡಾಗ ಬರುವಂಥವು. ಸೊಂಟದಲ್ಲಿ ನರಗಳ ಗೊಂಚಲು ಇದೆ, ಅದು ಸ್ವಲ್ಪ ತಡೆದುಕೊಳ್ಳುತ್ತದೆ. ಕುತ್ತಿಗೆಯಲ್ಲಿ ಇರುವುದು ಹುರಿ. ಅದಕ್ಕೆ ಪೆಟ್ಟಾದರೆ ಕೈ, ಕಾಲು, ಮೂತ್ರ ಎಲ್ಲದಕ್ಕೂ ತೊಂದರೆ. ಕಳೆದುಕೊಂಡ ಶಕ್ತಿ ಪೂರ್ತಿ ವಾಪಸ್ ಬರುತ್ತದೆ ಅಂತ ಹೇಳಲಾಗುವುದಿಲ್ಲ, ಅದಕ್ಕೇ ಬೇಗ ನೋಡಿಸಬೇಕು. ಇದರಲ್ಲಿ ಕುತ್ತಿಗೆ ನೋವೇ ಇಲ್ಲದೆಯೂ ಇರಬಹುದು. ಬಹಳ ಜನ ಮೋಸ ಹೋಗುವುದು ಅಲ್ಲೇ.

ನಿಮಗೆ ಬಾಂಬೋಲಿಯ ಗೋವಾ ಮೆಡಿಕಲ್ ಕಾಲೇಜು ಹತ್ತಿರ. ಈ ವಾರವೇ ಹೋಗಿ. ಗುಂಡಿ, ತೂರಾಟ, ಚಪ್ಪಲಿ, ಕರೆಂಟ್, ಈ ನಾಲ್ಕನ್ನೂ ಇಲ್ಲಿ ಬರೆದ ಹಾಗೇ ಅಲ್ಲಿ ಹೇಳಿ. ಬರೀ ಕೈಕಾಲು ನೋವು ಅಂದರೆ ಗೋಲಿ ಕೊಟ್ಟು ಕಳಿಸಬಹುದು. ಊರಲ್ಲಿ ಕುಡಿಯುತ್ತಿದ್ದುದು ಬೋರ್ ನೀರಾ?

ವಾಸ್ಕೋ ಗದಗದವ

ಹೌದ್ರಿ ಮೇಡಂ, ಸಣ್ಣವರಿದ್ದಾಗಿಂದ ಬೋರ್ ನೀರೇ. ನಮ್ಮ ಓಣಿಯಲ್ಲಿ ಬಹಳ ಮಂದಿಗೆ ಹಲ್ಲು ಕಂದು. ಅದಕ್ಕೂ ಇದಕ್ಕೂ ಏನು ಸಂಬಂಧ?

ಕೋಥ್ರೂಡ್ ಫಿಸಿಯೋ

ಇರಬಹುದು. ಇದೇ ಕಾರಣ ಅಂತ ನಾನು ಹೇಳುತ್ತಿಲ್ಲ, ಡಾಕ್ಟರಿಗೆ ತಿಳಿಸಲೇಬೇಕಾದ ವಿಷಯ ಅಷ್ಟೇ. ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದು ವರ್ಷಗಟ್ಟಲೆ ಕುಡಿದರೆ ಹಲ್ಲಿಗೆ ಕಂದು ಕಲೆ ಬರುತ್ತದೆ, ಆಮೇಲೆ ಮೂಳೆ ಗಟ್ಟಿಯಾಗಿ ದಪ್ಪ ಆಗುತ್ತದೆ, ಲಿಗಮೆಂಟುಗಳೂ ಸುಣ್ಣಗಟ್ಟುತ್ತವೆ. ಬೆನ್ನುಮೂಳೆಯ ಕಾಲುವೆ ಹೀಗೂ ಇಕ್ಕಟ್ಟಾಗುತ್ತದೆ. ನಮ್ಮ ದೇಶದಲ್ಲಿ ಇದನ್ನು 1937ರಲ್ಲೇ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆ ಗುರುತಿಸಿದ್ದರು. ಲೀಟರ್ ನೀರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇರಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಊರಲ್ಲಿ ಉಳಿದವರಿಗೂ ಇದನ್ನು ಹೇಳಿ. ಮುಂಬೈ, ಪುಣೆ, ಗೋವಾದ ಡಾಕ್ಟರುಗಳಿಗೆ ನಿಮ್ಮ ಊರಿನ ನೀರು ಹೇಗೆ ಗೊತ್ತಿರುತ್ತದೆ? ನೀವೇ ಹೇಳಬೇಕು.

ಠಾಣೆ ಅಮ್ಮನ ಮಗ

ಡೊಂಬಿವಲಿ ಅಕ್ಕನಿಗೆ: ನಮ್ಮಮ್ಮನಿಗೆ ಆಪರೇಷನ್ ಆಗಿದೆ, ಸೊಂಟದ್ದು. ಮೊದಲು ವ್ಯಾಯಾಮ ಮಾಡಿದರು, ಮಾತ್ರೆ ತಗೊಂಡರು, ಬೆನ್ನಿಗೆ ಇಂಜೆಕ್ಷನ್ ಕೂಡ ಆಯಿತು. ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಆರಾಮ, ಮತ್ತೆ ಮೊದಲಿನ ಹಾಗೆ. ಜೊತೆಗೆ ಶುಗರ್ ಏರಿಬಿಟ್ಟಿತು. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಶುಗರ್ ಏರಬಹುದು ಅಂತ ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಶುಗರ್ ಇದ್ದವರು ಕೇಳಿಕೊಳ್ಳಿ.

ಕೊನೆಗೆ ಅಡುಗೆ ಮನೆಯಲ್ಲಿ ಒಂದು ದೋಸೆ ಹುಯ್ಯುವಷ್ಟು ಹೊತ್ತೂ ನಿಲ್ಲಲಾಗದೆ, ಒಲೆ ಪಕ್ಕ ಸ್ಟೂಲ್ ಇಟ್ಟುಕೊಂಡರು. ಹಿಟ್ಟು ಹುಯ್ದು ಕೂರುವುದು, ಮಗುಚಲು ಏಳುವುದು. ಆಗ ಅಮ್ಮನೇ ಆಪರೇಷನ್‌ಗೆ ಒಪ್ಪಿದರು. ಹಿಂಬದಿಯ ಮೂಳೆ ಸ್ವಲ್ಪ ತೆಗೆದು, ದಪ್ಪಗಾದ ಲಿಗಮೆಂಟ್ ತೆಗೆದು ನರಕ್ಕೆ ಜಾಗ ಮಾಡಿದರು. ರಾಡು, ಸ್ಕ್ರೂ ಹಾಕಲಿಲ್ಲ. ಕಾಲಿನ ಭಾರ ಬೇಗ ಹೋಯಿತು. ಪಾದದ ಜೋಮು ಸ್ವಲ್ಪ ಈಗಲೂ ಇದೆ. ಸೊಂಟ ನೋವು ಅಷ್ಟೇನೂ ಕಡಿಮೆ ಆಗಿಲ್ಲ. ಆಪರೇಷನ್‌ನಿಂದ ಮುಖ್ಯವಾಗಿ ಹೋಗುವುದು ಕಾಲಿನ ತೊಂದರೆ ಅಂತ ಸರ್ಜನ್ ಮೊದಲೇ ಹೇಳಿದ್ದರು, ಹಾಗೇ ಆಯಿತು. ಈಗ ದೋಸೆ ನಿಂತೇ ಹುಯ್ಯುತ್ತಾರೆ.

ಕೋಥ್ರೂಡ್ ಫಿಸಿಯೋ

ಅಮ್ಮ ಆರಾಮಾಗಿದ್ದಾರೆ ಅಂತ ಕೇಳಿ ಖುಷಿಯಾಯಿತು. ಇಂಜೆಕ್ಷನ್ ಬಗ್ಗೆ ನೀವು ಹೇಳಿದ್ದು ಅಧ್ಯಯನಗಳಿಗೂ ಹೊಂದುತ್ತದೆ. ಅಮೆರಿಕದಲ್ಲಿ 400 ಜನರ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2014ರಲ್ಲಿ ಬಂತು. ಸ್ಟೀರಾಯ್ಡ್ ಸೇರಿಸಿದ ಇಂಜೆಕ್ಷನ್‌ಗೂ, ಬರೀ ಮರಗಟ್ಟಿಸುವ ಔಷಧಿಗೂ ಆರು ವಾರದ ಹೊತ್ತಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇಂಜೆಕ್ಷನ್ ತಗೊಳ್ಳಲೇಬಾರದು ಅಂತಲ್ಲ, ಅದರಿಂದ ಕಾಲುವೆ ಅಗಲ ಆಗುವುದಿಲ್ಲ ಅನ್ನುವುದು ಗೊತ್ತಿರಲಿ.

ರಾಡು, ಸ್ಕ್ರೂ ವಿಷಯವನ್ನು ಅಕ್ಕ ಸರ್ಜನ್ ಹತ್ತಿರ ಖಂಡಿತ ಕೇಳಬೇಕು. 2016ರಲ್ಲಿ ಸ್ವೀಡನ್‌ನ ಅಧ್ಯಯನ ಒಂದು ಬಂತು. ನರಕ್ಕೆ ಬರೀ ಜಾಗ ಮಾಡಿಸಿಕೊಂಡ ರೋಗಿಗಳಿಗೂ, ಅದರ ಜೊತೆ ರಾಡು, ಸ್ಕ್ರೂಗಳಂಥವುಗಳಿಂದ ಮಣಿಗಳನ್ನು ಬೆಸೆಸಿಕೊಂಡವರಿಗೂ ಎರಡು ವರ್ಷದ ನಂತರ ನೋಡಿದರೆ ಫಲ ಹೆಚ್ಚೂ ಕಡಿಮೆ ಒಂದೇ. ಬೆಸೆಯುವುದಕ್ಕೆ ಸಮಯ, ಖರ್ಚು, ರಕ್ತ ಎಲ್ಲ ಜಾಸ್ತಿ. ಮಣಿ ತುಂಬಾ ಜಾರಿದ್ದರೆ, ಅಲುಗಾಡುತ್ತಿದ್ದರೆ ಬೇಕಾಗಬಹುದು. ಅಪ್ಪನಿಗೆ ಯಾಕೆ ಬೇಕು, ಯಾಕೆ ಬೇಡ ಅಂತ ಸರ್ಜನ್ ಬಿಡಿಸಿ ಹೇಳಲಿ. ಕೇಳುವುದು ನಿಮ್ಮ ಹಕ್ಕು.

ಮಾಟುಂಗಾ ಅಜ್ಜ

ನಾನು ಇನ್ನೂ ಆಪರೇಷನ್ ಮಾಡಿಸಿಲ್ಲ, ವ್ಯಾಯಾಮದಲ್ಲೇ ನಡೆಸುತ್ತಿದ್ದೇನೆ. ಖರ್ಚಿನ ಬಗ್ಗೆ ಒಂದು ಮಾತು. 70 ದಾಟಿದವರಿಗೆ 2024ರ ಅಕ್ಟೋಬರ್‌ನಿಂದ ಆಯುಷ್ಮಾನ್ ವಯ ವಂದನಾ ಕಾರ್ಡ್ ಸಿಗುತ್ತದೆ, ಆದಾಯ ಎಷ್ಟಿದ್ದರೂ ಸರಿ, ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು. ಆಧಾರ್ ಸಾಕು. ಆಸ್ಪತ್ರೆ ಆ ಪಟ್ಟಿಯಲ್ಲಿದೆಯೇ ಅಂತ ಮೊದಲೇ ವಿಚಾರಿಸಿ.

ಡೊಂಬಿವಲಿ ಮಗಳು

ಮೇಡಂ, ಹಾಗಾದರೆ ಈಗ ಅಪ್ಪ ಏನು ಮಾಡಬಹುದು? ಬೆಳಿಗ್ಗೆ ಟಿವಿ ನೋಡಿಕೊಂಡು ಸೂರ್ಯ ನಮಸ್ಕಾರ ಮಾಡುತ್ತಾರೆ. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡೇ ಇರುತ್ತಾರೆ. ನೋವು ಜಾಸ್ತಿ ಆದ ದಿನ ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಾರೆ.

ಕೋಥ್ರೂಡ್ ಫಿಸಿಯೋ

ಸೂರ್ಯ ನಮಸ್ಕಾರದಲ್ಲಿ ಹಿಂದಕ್ಕೆ ಬಾಗುವ ಭಂಗಿಗಳಿವೆ, ಭುಜಂಗಾಸನವೂ ಇದೆ. ಇವರಿಗೆ ಅವೇ ತೊಂದರೆ ಕೊಡುತ್ತವೆ. ಸದ್ಯಕ್ಕೆ ಬಿಡಲಿ. ಅಂಗಾತ ಮಲಗಿ ಒಂದೊಂದೇ ಮಂಡಿಯನ್ನು ಎದೆಗೆ ಎಳೆದುಕೊಳ್ಳುವುದು, ಆಮೇಲೆ ಎರಡನ್ನೂ. ಮಂಡಿ ಮಡಚಿ ಮಲಗಿ, ಹೊಟ್ಟೆ ಬಿಗಿಹಿಡಿದು ಸೊಂಟವನ್ನು ನೆಲಕ್ಕೆ ಒತ್ತುವುದು. ತೊಡೆಯ ಮುಂಭಾಗ ಬಿಗಿದುಕೊಂಡಿರುತ್ತದೆ, ಅದನ್ನು ಸಡಿಲ ಮಾಡುವುದು. ಒಂದೇ ಕಡೆ ನಿಂತಿರುವ ವ್ಯಾಯಾಮದ ಸೈಕಲ್ ಸಿಕ್ಕರೆ ಬಹಳ ಒಳ್ಳೆಯದು, ಬಾಗಿ ತುಳಿದರೆ ನೋವಿಲ್ಲದೆ ಹೃದಯಕ್ಕೂ, ತೊಡೆಗೂ ಕೆಲಸ. ಒಮ್ಮೆ ಹತ್ತಿರದ ಫಿಸಿಯೋ ಎದುರಲ್ಲಿ ಮಾಡಿ ತೋರಿಸಿ, ಆಮೇಲೆ ಮನೆಯಲ್ಲಿ ಮಾಡಲಿ.

ನಡಿಗೆ ನಿಲ್ಲಿಸಬಾರದು. ಭಾರ ತಾಳಲಾರದಷ್ಟು ಆಗುವವರೆಗೆ ಕಾಯದೆ, ಶುರುವಾಗುತ್ತಿದ್ದಂತೆ ಕೂತು, ಮತ್ತೆ ನಡೆಯಲಿ. ಗಾರ್ಡನ್‌ನಲ್ಲಿ ಬೆಂಚುಗಳಿರುತ್ತವೆ, ಗೆಳೆಯರೂ ಇರುತ್ತಾರೆ. ಅಲ್ಲಿಗೇ ಕಳಿಸಿ. ನಿಂತು ಕೆಲಸ ಮಾಡುವಾಗ ಒಂದು ಕಾಲನ್ನು ಗಿಡ್ಡ ಮಣೆಯ ಮೇಲೆ ಇಟ್ಟರೆ ಸೊಂಟದ ಬಾಗು ಕಡಿಮೆಯಾಗುತ್ತದೆ. ಬೆಲ್ಟ್ ಇಡೀ ದಿನ ಬೇಡ, ಸ್ನಾಯು ಸೋಮಾರಿ ಆಗುತ್ತದೆ.

ಡೈಕ್ಲೋಫೆನಾಕ್ ಸುಮ್ನೆ ನುಂಗುವುದನ್ನು ಮಾತ್ರ ನಿಲ್ಲಿಸಲೇಬೇಕು. ಈ ವಯಸ್ಸಿನಲ್ಲಿ ಕಿಡ್ನಿ, ಹೊಟ್ಟೆ, ಬಿಪಿ ಮೂರಕ್ಕೂ ಪೆಟ್ಟು. ನರದ ಮಾತ್ರೆ ಅಂತ ಪ್ರಿಗಾಬಲಿನ್ ಕೊಟ್ಟಿದ್ದರೆ ತಲೆ ಸುತ್ತು, ಮಂಪರು ಬರಬಹುದು. ರಾತ್ರಿ ಎದ್ದು ಬೀಳದಂತೆ ನೋಡಿಕೊಳ್ಳಿ. ಒಮ್ಮೆಲೇ ನಿಲ್ಲಿಸುವುದೂ ಬೇಡ, ಡಾಕ್ಟರನ್ನು ಕೇಳಿ.

ವಾಸ್ಕೋ ಗದಗದವ

ಮೇಡಂ, ಬಾಂಬೋಲಿಗೆ ಹೋಗಿ ಬಂದಿವಿ. ನೀವು ಹೇಳಿದಂಗ ನಾಲ್ಕೂ ಹೇಳಿದೆ. ಡಾಕ್ಟರು ಮಂಡಿಗೆ ಸುತ್ತಿಗೆ ಬಡಿದು ನೋಡಿದರು, ಕಾಲು ಜೋರಾಗಿ ಜಿಗಿಯಿತು. ಅಂಗಾಲು ಗೀಚಿ ನೋಡಿದರು. ಕುತ್ತಿಗೆ ಎಂಆರ್‌ಐ ಬರೆದಾರ, ನೀರಿನ ವಿಷಯ ಕೇಳಿ ಎಕ್ಸ್‌ರೇನೂ ಬರೆದರು. ನರದ ಸರ್ಜನ್ ನೋಡ್ತಾರಂತ. ಅಲ್ಲಿತನಕ ಮನೆಯಲ್ಲಿ ಏನು ನೋಡಿಕೊಳ್ಳಬೇಕು?

ಕೋಥ್ರೂಡ್ ಫಿಸಿಯೋ

ಒಳ್ಳೆಯದಾಯಿತು ಅಣ್ಣಾ. ಮುಖ್ಯವಾಗಿ ಬೀಳಬಾರದು. ಇಕ್ಕಟ್ಟಾದ ಕುತ್ತಿಗೆಗೆ ಸಣ್ಣ ಏಟೂ ದೊಡ್ಡದು. ಬಚ್ಚಲಿನಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ, ಹಿಡಿದುಕೊಳ್ಳಲು ಏನಾದರೂ ಗಟ್ಟಿಯಾದುದು ಇರಲಿ, ರಾತ್ರಿ ಒಂದು ದೀಪ ಉರಿಯಲಿ. ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಡಿಸಿ. ಬೈಕ್ ಹಿಂದೆ ಕೂರಿಸಿಕೊಂಡು ಗುಂಡಿ ರಸ್ತೆಯಲ್ಲಿ ಹೋಗಬೇಡಿ, ಬಸ್ಸು ಅಥವಾ ರಿಕ್ಷಾ ಆಗಲಿ. ತಲೆ ಮೇಲೆ, ಹೆಗಲ ಮೇಲೆ ಭಾರ ಬೇಡ. ಕಾಲರ್ ಹಾಕಬೇಕೇ ಅಂತ ಅಲ್ಲಿಯ ಡಾಕ್ಟರನ್ನೇ ಕೇಳಿ. ಮೂತ್ರಕ್ಕೆ ತಡೆಯಲಾಗದ ಅವಸರ ಶುರುವಾದರೆ, ಅಥವಾ ಕಟ್ಟಿಕೊಂಡರೆ, ಕೈಕಾಲು ಇನ್ನೂ ಸೋತರೆ, ಎಂಆರ್‌ಐ ತಾರೀಖು ಕಾಯದೆ ನೇರ ಕ್ಯಾಶುವಾಲ್ಟಿಗೆ ಕರೆದುಕೊಂಡು ಹೋಗಿ. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ, ಅದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಹೇಳುತ್ತೇನೆ.